ಮೆಲುಕಿನ ಓದು

ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಳ ನಡುವೆ ಗೆತ್ಸೆಮನಿ ಎಂಬ ಕ್ರೈಸ್ತ ಮಠವಿದೆ. 1848ರಲ್ಲಿ ಫ್ರಾನ್ಸಿನಿಂದ ಬಂದ ಟ್ರಾಪಿಸ್ಟ್ ಪಂಥದ ಸನ್ಯಾಸಿಗಳು ಅದನ್ನು ಸ್ಥಾಪಿಸಿದರು. ಅಲ್ಲಿ ದಿನದ ಮೊದಲ ಪ್ರಾರ್ಥನೆ ನಸುಕಿನ ಮೂರೂಕಾಲಿಗೆ. ಗಂಟೆಯ ಸದ್ದಿಗೆ ಎದ್ದವರು ಕತ್ತಲಲ್ಲೇ ಪ್ರಾರ್ಥನಾಲಯಕ್ಕೆ ಬಂದು ಕೀರ್ತನೆಗಳನ್ನು ಹಾಡುತ್ತಾರೆ. ಎಲ್ಲರೂ ಮತ್ತೆ ಒಟ್ಟುಗೂಡುವುದು ಐದೂಮುಕ್ಕಾಲಿಗೆ. ನಡುವೆ ಸಿಗುವ ಹೊತ್ತಿನಲ್ಲಿ ಮಾತಿಲ್ಲ, ಕೆಲಸವಿಲ್ಲ. ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ದೀಪದ ಕೆಳಗೆ ಬೈಬಲ್ ತೆರೆದು ಕೂರುತ್ತಾರೆ. ಅರ್ಧ ಗಂಟೆಯಾದರೂ ಹಾಳೆ ತಿರುಗದೆ ಇರಬಹುದು.

ಈ ಓದಿಗೆ ಲ್ಯಾಟಿನ್‌ನಲ್ಲಿ ‘ಲೆಕ್ಸಿಯೊ ದಿವೀನಾ’ ಎಂದು ಹೆಸರು. ‘ದೈವಿಕ ಓದು’ ಎಂದು ಅರ್ಥ. ಸುಮಾರು ಒಂದೂವರೆ ಸಾವಿರ ವರ್ಷಗಳಿಂದ ಗುರುವಿನಿಂದ ಶಿಷ್ಯನಿಗೆ ದಾಟಿಬಂದಿರುವ ಇದನ್ನು ಒಂದು ಕಸುಬೆಂದೇ ಕರೆಯಬಹುದು. ಇದಕ್ಕೆ ತನ್ನದೇ ಸಾಮಗ್ರಿಯಿದೆ, ಕ್ರಮವಿದೆ, ಪಳಗಲು ಬೇಕಾದ ವರ್ಷಗಳಿವೆ. ಬಡಗಿಯ ಕೆಲಸ ಮುಗಿದಾಗ ಎದುರಿಗೆ ಬಾಗಿಲೋ ತೊಟ್ಟಿಲೋ ನಿಂತಿರುತ್ತದೆ. ಇಲ್ಲಿ ದಿನದಿನವೂ ರೂಪುಗೊಳ್ಳುತ್ತ ಹೋಗುವುದು ಓದುವವರ ಬದುಕು.

ಮೊದಲು ಸಾಮಗ್ರಿ. ಬೈಬಲ್ ಒಂದೇ ಪುಸ್ತಕದಂತೆ ಕಂಡರೂ ಅದೊಂದು ಪುಟ್ಟ ಗ್ರಂಥಾಲಯ. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73. ಅದರಲ್ಲಿ ಇತಿಹಾಸವಿದೆ, ಕಾನೂನಿದೆ, ಪ್ರವಾದಿಗಳ ಗುಡುಗಿದೆ, ಗಾದೆಗಳಿವೆ, ಪತ್ರಗಳಿವೆ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಿವೆ. ಸನ್ಯಾಸಿಗಳ ನಾಲಗೆಯ ಮೇಲೆ ಅತಿ ಹೆಚ್ಚು ಸುಳಿದಾಡುವುದು ಮಾತ್ರ 150 ಕೀರ್ತನೆಗಳ ಒಂದು ಪುಸ್ತಕ. ಹಾಡಿ ಹೊಗಳುವ ಪದಗಳೇ ಅಲ್ಲದೆ ಅಳು, ಸಿಟ್ಟು, ದೂರು, ಪಶ್ಚಾತ್ತಾಪಗಳಿಗೂ ಅದರಲ್ಲಿ ಜಾಗವಿದೆ.

ಎರಡನೆಯದು ಸಮಯ. ಇಟಲಿಯ ಮೊಂತೆ ಕ್ಯಾಸಿನೊ ಬೆಟ್ಟದ ಮೇಲೆ ಆರನೆಯ ಶತಮಾನದಲ್ಲಿ ಮಠ ಕಟ್ಟಿದ ಸಂತ ಬೆನೆಡಿಕ್ಟರು ತಮ್ಮವರಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿ ಬರೆದರು. ಅದರ 48ನೆಯ ಅಧ್ಯಾಯ ಮೈಮುರಿದು ದುಡಿಯುವ ಹೊತ್ತನ್ನೂ ಓದುವ ಹೊತ್ತನ್ನೂ ಋತುಮಾನಕ್ಕೆ ತಕ್ಕಂತೆ ಹಂಚಿಕೊಡುತ್ತದೆ. ಬೇಸಿಗೆಯಲ್ಲಿ ಬೆಳಗಿನ ತಂಪಿಗೆ ಹೊಲದ ಕೆಲಸ, ಬಿಸಿಲೇರಿದ ಮೇಲೆ ಓದು. ಚಳಿಗಾಲದಲ್ಲಿ ಮೊದಲು ಓದು, ಆಮೇಲೆ ಕೆಲಸ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬರಿಗೂ ಒಂದು ಪುಸ್ತಕ ಕೊಡಬೇಕು. ಅದನ್ನು ಮೊದಲಿಂದ ಕೊನೆಯವರೆಗೆ, ನಡುವೆ ಹಾರಿಸದೆ ಓದಬೇಕು. ಓದುವ ಹೊತ್ತಿನಲ್ಲಿ ಯಾರಾದರೂ ಹರಟುತ್ತ ಕೂತಿದ್ದಾರೆಯೇ ಎಂದು ನೋಡಿಬರಲು ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತು ಹಾಕಬೇಕು. ಮನಸ್ಸು ಬಂದಾಗ ಓದಿಕೊಳ್ಳಲಿ ಎಂದು ಬಿಟ್ಟರೆ ಓದು ಉಳಿಯುವುದಿಲ್ಲ ಎಂಬುದನ್ನು ಬೆನೆಡಿಕ್ಟರು ಬಲ್ಲವರಾಗಿದ್ದರು. ಹಾಗಾಗಿ ಊಟ, ನಿದ್ದೆ, ದುಡಿಮೆಗಳ ಸಾಲಿನಲ್ಲೇ ಅದಕ್ಕೂ ಜಾಗ ಕೊಟ್ಟರು.

ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಚನೆಯಿದೆ. ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಯಾರಾದರೂ ಓದಬಯಸಿದರೆ ಬೇರೆಯವರ ನಿದ್ದೆ ಕೆಡದಂತೆ ಓದಿಕೊಳ್ಳಬೇಕು. ಓದಿದರೆ ನಿದ್ದೆ ಏಕೆ ಕೆಡಬೇಕು? ಅಂದಿನ ಓದು ಬಾಯಿಯ ಕೆಲಸವಾಗಿತ್ತು; ಪದವನ್ನು ತುಟಿ ರೂಪಿಸುತ್ತಿತ್ತು, ಕಿವಿ ಕೇಳುತ್ತಿತ್ತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸರು ಸದ್ದಿಲ್ಲದೆ ಕಣ್ಣಿನಲ್ಲೇ ಓದುತ್ತಿದ್ದುದನ್ನು ಸಂತ ಅಗಸ್ಟೀನರು ತಮ್ಮ ಆತ್ಮಕಥನದಲ್ಲಿ ವಿಶೇಷವಾಗಿ ನೆನೆದು, ಅದಕ್ಕೆ ಕಾರಣಗಳನ್ನೂ ಊಹಿಸಿದ್ದಾರೆ.

ಬಾಯಿಯ ಈ ಪಾತ್ರ ಇನ್ನೂ ಹಳೆಯದು. ಮೊದಲನೆಯ ಕೀರ್ತನೆ, ಧರ್ಮಶಾಸ್ತ್ರವನ್ನು ಹಗಲೂ ಇರುಳೂ ಧ್ಯಾನಿಸುವವನನ್ನು ನೀರಿನ ಬಳಿಯ ಮರಕ್ಕೆ ಹೋಲಿಸುತ್ತದೆ. ಕನ್ನಡದಲ್ಲಿ ಧ್ಯಾನ ಎಂದೊಡನೆ ಮುಚ್ಚಿದ ಕಣ್ಣು, ಮುಚ್ಚಿದ ಬಾಯಿ ನೆನಪಾಗುತ್ತದೆ. ಆದರೆ ಕೀರ್ತನೆಯಲ್ಲಿರುವ ಹೀಬ್ರೂ ಪದ ‘ಹಗಾ’. ಗುನುಗುವುದು, ಮಣಮಣಿಸುವುದು ಅದರ ಮೂಲಾರ್ಥ. ಪ್ರವಾದಿ ಯೆಶಾಯನ ಗ್ರಂಥದಲ್ಲಿ ಪಾರಿವಾಳ ಗಂಟಲೊಳಗೇ ಮೊರೆಯುವುದಕ್ಕೂ, ಬೇಟೆಯನ್ನು ಬಿಟ್ಟುಕೊಡದ ಸಿಂಹ ಗುರುಗುಟ್ಟುವುದಕ್ಕೂ ಇದೇ ಪದ. ಹಿಡಿದ ಮಾತನ್ನು ಬಿಡದೆ ಗಂಟಲಿನಲ್ಲಿ ಆಡಿಸುತ್ತಿರುವ ಓದುಗನ ಚಿತ್ರ ಈ ಒಂದು ಪದದಲ್ಲಿ ಅಡಗಿದೆ.

ಇನ್ನು ಕೆಲಸದ ಕ್ರಮ. ಓದುವವರು ಒಂದು ಪುಸ್ತಕವನ್ನು ಹಿಡಿದು ನಿನ್ನೆ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತಾರೆ. ಹತ್ತು ಹದಿನೈದು ಸಾಲು ಸಾಕು. ಒಮ್ಮೆ ಮೆಲುದನಿಯಲ್ಲಿ ಓದಿ, ಮತ್ತೆ ಮೊದಲಿನಿಂದ ಇನ್ನಷ್ಟು ನಿಧಾನವಾಗಿ ಓದುತ್ತಾರೆ. ಎಲ್ಲೋ ಒಂದು ಪದ, ನಡೆಯುವಾಗ ಸೆರಗಿಗೆ ಮುಳ್ಳು ಸಿಕ್ಕಂತೆ, ಹಿಡಿದು ನಿಲ್ಲಿಸುತ್ತದೆ. ಅಲ್ಲಿಗೆ ಓದು ನಿಲ್ಲಬೇಕು. ಉಳಿದ ಸಾಲುಗಳನ್ನು ಮುಗಿಸಿಬಿಡೋಣ ಎಂಬ ಆತುರವನ್ನು ತಡೆಯುವುದೇ ಹೊಸಬರು ಕಲಿಯಬೇಕಾದ ಮೊದಲ ಪಾಠ.

ನಿಂತ ಮೇಲೆ ಶುರುವಾಗುವುದು ಮೆಲುಕು. ಹಸು ಬೆಳಗ್ಗೆ ಮೇದದ್ದನ್ನು ಮಧ್ಯಾಹ್ನ ಮರದ ನೆರಳಿನಲ್ಲಿ ಮಲಗಿ ಮತ್ತೆ ಬಾಯಿಗೆ ತಂದು ಅಗಿಯುತ್ತದೆ. ಲ್ಯಾಟಿನ್‌ನಲ್ಲಿ ಸನ್ಯಾಸಿಗಳು ಈ ಹಂತಕ್ಕೆ ಬಳಸಿದ ‘ರುಮಿನಾತಿಯೊ’ ಎಂಬ ಪದಕ್ಕೆ ಇದೇ ಅರ್ಥ. ಒಂದು ಉದಾಹರಣೆ ನೋಡಬಹುದು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಕಳೆದುಕೊಂಡು ಮರಳುವ ಕಿರಿಯ ಮಗನ ಕಥೆಯಿದೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆಯ ಕಣ್ಣಿಗೆ ಬೀಳುತ್ತಾನೆ. ಓದುವವರು ‘ದೂರ’ ಎಂಬಲ್ಲಿ ನಿಂತರು ಎಂದುಕೊಳ್ಳೋಣ. ಅಷ್ಟು ದೂರದಲ್ಲಿದ್ದವನು ಹೇಗೆ ಕಂಡ? ತಂದೆ ದಾರಿ ನೋಡುತ್ತಿದ್ದಿರಬೇಕು. ಎಷ್ಟು ದಿನಗಳಿಂದ? ಕಥೆಯ ಆರಂಭದಲ್ಲಿ ಅವನು ಹೋದದ್ದೂ ದೂರದೇಶಕ್ಕೆ; ಗ್ರೀಕ್ ಮೂಲದಲ್ಲೂ ಎರಡು ಕಡೆ ಇರುವುದು ಒಂದೇ ಪದ. ಮನೆಯಲ್ಲೇ ಇದ್ದ ಹಿರಿಯ ಮಗ ಹೊಲದಿಂದ ಬಂದು, ಸಿಟ್ಟಿನಿಂದ ಒಳಗೆ ಕಾಲಿಡದೆ ನಿಲ್ಲುತ್ತಾನೆ. ಹೊಸ್ತಿಲಾಚೆ ನಿಂತ ಅವನೂ ಎಷ್ಟು ದೂರ! ಅವನಿಗಾಗಿಯೂ ತಂದೆ ಹೊರಗೆ ಬರುತ್ತಾನೆ. ಒಂದು ಪದವನ್ನು ಅಗಿಯುತ್ತ ಹೋದಂತೆ ಇಡೀ ಕಥೆ ಬೇರೆ ರುಚಿ ಬಿಟ್ಟುಕೊಡುತ್ತದೆ. ಕೊನೆಗೆ ಓದುವವರು ತಮ್ಮನ್ನೇ ಕೇಳಿಕೊಳ್ಳುತ್ತಾರೆ: ಇವರಿಬ್ಬರಲ್ಲಿ ನಾನು ಯಾರು? ಯಾರ ದಾರಿಯನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ?

ಈ ಪ್ರಶ್ನೆ ಎದ್ದ ಕ್ಷಣದಲ್ಲಿ ಓದು ಪ್ರಾರ್ಥನೆಯಾಗುತ್ತದೆ. ಇದುವರೆಗೆ ಕೇಳಿಸಿಕೊಂಡವರು ಈಗ ದೇವರೊಡನೆ ಮಾತಾಡುತ್ತಾರೆ. ಮಾತು ಮುಗಿದ ಮೇಲೆ ಕೆಲವೊಮ್ಮೆ ಸುಮ್ಮನೆ ಇರುವ ಒಂದು ಹೊತ್ತು ಬರುತ್ತದೆ. ಅದನ್ನು ಬರಿಸಿಕೊಳ್ಳಲು ಆಗದು, ಬಂದರೆ ಇರಬೇಕು ಅಷ್ಟೆ. ಫ್ರಾನ್ಸಿನ ಆಲ್ಪ್ಸ್ ಪರ್ವತದ ಗ್ರಾಂಡ್ ಶಾರ್ಟ್ರೂಸ್ ಮಠಕ್ಕೆ 12ನೆಯ ಶತಮಾನದಲ್ಲಿ ಮುಖ್ಯಸ್ಥರಾಗಿದ್ದ ಎರಡನೆಯ ಗೀಗೊ ಎಂಬವರು ಈ ನಾಲ್ಕನ್ನೂ, ಅಂದರೆ ಓದು, ಮನನ, ಪ್ರಾರ್ಥನೆ, ದರ್ಶನಗಳನ್ನು, ಒಂದು ಏಣಿಯ ನಾಲ್ಕು ಮೆಟ್ಟಿಲುಗಳೆಂದು ವಿವರಿಸಿದರು. ಊಟದ ಹೋಲಿಕೆಯನ್ನೂ ಕೊಟ್ಟರು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆಗೆ ರುಚಿ ಸಿಗುತ್ತದೆ, ದರ್ಶನ ಆ ಸವಿಯೇ ಆಗಿದೆ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಬೆಳಗಿನ ಆ ಒಂದು ಪದವನ್ನು ಹಗಲಿನ ದುಡಿಮೆಗೆ ಬುತ್ತಿಯಾಗಿ ಕಟ್ಟಿಕೊಳ್ಳಬೇಕು. ಈಜಿಪ್ಟಿನ ಮರುಭೂಮಿಯ ತಪಸ್ವಿಗಳ ಬಳಿ ಕಲಿತು ಐದನೆಯ ಶತಮಾನದಲ್ಲಿ ಮಾರ್ಸೇಲ್ಸ್‌ನಲ್ಲಿ ಮಠ ಕಟ್ಟಿದ ಜಾನ್ ಕ್ಯಾಸಿಯನ್ ಇದರ ಒಂದು ಗುಟ್ಟನ್ನು ಬರೆದಿಟ್ಟಿದ್ದಾರೆ. ಬಾಯಿಪಾಠ ಮಾಡುವಾಗ ಅರ್ಥವಾಗದೆ ಹೋದ ಭಾಗಗಳು, ಆಮೇಲೆ ಇರುಳಿನ ಮೌನದಲ್ಲಿ ಮನಸ್ಸು ತಾನಾಗಿ ಅವನ್ನು ಹೊರಳಿಸುವಾಗ ತೆರೆದುಕೊಳ್ಳುತ್ತವೆ ಎನ್ನುತ್ತಾರೆ ಅವರು. ಹಾಗಾಗಿ ಕೈ ಹಿಟ್ಟು ಕಲಸುತ್ತಿದ್ದರೂ ಕಳೆ ಕೀಳುತ್ತಿದ್ದರೂ ನಾಲಗೆಯ ತುದಿಯಲ್ಲಿ ಆ ಪದ ಇರುತ್ತದೆ. ಊಟದ ಮನೆಯಲ್ಲೂ ಕಿವಿಗೆ ಬಿಡುವಿಲ್ಲ. ಎಲ್ಲರೂ ಮೌನವಾಗಿ ಉಣ್ಣುವಾಗ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ನೀರೋ ರೊಟ್ಟಿಯೋ ಬೇಕಾದರೆ ಸನ್ನೆಯಲ್ಲೇ ಕೇಳಬೇಕು. ಓದಲು ಸರದಿಯ ಲೆಕ್ಕವಿಲ್ಲ, ಕೇಳುವವರಿಗೆ ಮುಟ್ಟುವಂತೆ ಓದಬಲ್ಲವರೇ ಓದಬೇಕು ಎಂಬುದು ಬೆನೆಡಿಕ್ಟರ ಕಟ್ಟಳೆ.

ಒಬ್ಬೊಬ್ಬರ ಓದಿನ ಜೊತೆಗೆ ಎಲ್ಲರ ಹಾಡೂ ಇದೆ. 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಪೂರ್ತಿ ಹಾಡಬೇಕೆಂದು ಬೆನೆಡಿಕ್ಟರು ವಿಧಿಸಿದರು. ಹಿರಿಯರು ಒಂದೇ ದಿನದಲ್ಲಿ ಮುಗಿಸುತ್ತಿದ್ದರು, ನಾವು ವಾರದಲ್ಲಾದರೂ ಮುಗಿಸೋಣ ಎಂಬುದು ಅವರ ನಿಲುವು. ಇಂದು ಹಲವು ಮಠಗಳು ಅವನ್ನು ಎರಡು ವಾರಕ್ಕೋ ಅದಕ್ಕಿಂತ ಹೆಚ್ಚಿಗೋ ಹರಡಿಕೊಂಡಿವೆ. ಸರದಿ ಮಾತ್ರ ಮುಂಚೆಯೇ ಗೊತ್ತಾಗಿರುತ್ತದೆ, ಹಾಡುವವರ ಮನಸ್ಥಿತಿ ನೋಡಿ ಬದಲಾಗುವುದಿಲ್ಲ. ಖುಷಿಯಲ್ಲಿರುವ ದಿನ ಅಳುವಿನ ಕೀರ್ತನೆ ಬರಬಹುದು. ಆಗ ಆ ಅಳು ತನ್ನದಲ್ಲದ ಯಾರದೋ ಪರವಾಗಿ ಬಾಯಿಂದ ಹೊರಡುತ್ತದೆ: ಆಸ್ಪತ್ರೆಯಲ್ಲಿ ಮಲಗಿರುವವರ, ಸೆರೆಯಲ್ಲಿರುವವರ, ಮಗುವನ್ನು ಕಳೆದುಕೊಂಡವರ ಪರವಾಗಿ. ಹೀಗೆ ವರ್ಷಗಟ್ಟಲೆ ಬೇರೆಯವರ ಸಂಕಟಕ್ಕೆ ಬಾಯಿ ಕೊಟ್ಟವರ ಎದೆ ಅಗಲವಾಗುತ್ತದೆ. ಈ ಓದಿನಿಂದ ಬದುಕಿಗೆ ಬರುವ ಬಹು ದೊಡ್ಡ ಗುಣ ಇದೇ ಇರಬೇಕು.

ದಿನವೂ ಸವಿ ಸಿಗುತ್ತದೆಂದು ಯಾವ ಗುರುವೂ ಹೇಳಿಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ತಪಸ್ವಿ, ಬೇಸರ ಹಿಡಿದ ಓದುಗನನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾರೆ. ಅವನು ಆಕಳಿಸುತ್ತಾನೆ, ಕಣ್ಣುಜ್ಜುತ್ತಾನೆ, ಗೋಡೆ ನೋಡುತ್ತಾನೆ, ಇನ್ನೆಷ್ಟು ಹಾಳೆ ಉಳಿದಿದೆಯೆಂದು ಎಣಿಸುತ್ತಾನೆ. ಕೊನೆಗೆ ಪುಸ್ತಕ ಮುಚ್ಚಿ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಇದಕ್ಕೆ ಹಿರಿಯರು ಹೇಳಿದ ಮದ್ದು ಸರಳ: ಕೂತ ಜಾಗ ಬಿಡಬೇಡ, ನಾಳೆಯೂ ಇದೇ ಹೊತ್ತಿಗೆ ಬಾ. ಒಣ ದಿನಗಳಲ್ಲಿ ಪುಸ್ತಕದ ಮುಂದೆ ಕೂತೆದ್ದವರ ತಾಳ್ಮೆಯ ಮೇಲೆಯೇ ಈ ಪರಂಪರೆ ನಿಂತಿದೆ.

ಮಠದ ಗೋಡೆಯಾಚೆಗೂ ಈ ಅಭ್ಯಾಸ ಹಲವು ರೂಪಗಳಲ್ಲಿ ಹಬ್ಬಿದೆ. ಸ್ಕಾಟ್ಲೆಂಡಿನ ಡಂಡೀ ಊರಿನ ಯುವ ಪಾದ್ರಿ ರಾಬರ್ಟ್ ಮರ‍್ರೇ ಮೆಕ್‌ಶೇನ್ 1842ರ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ಓದಿನ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯದಂತೆ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ ಮುಗಿಯುತ್ತವೆ. ಅದನ್ನು ಈಗಲೂ ಬಳಸುವವರಿದ್ದಾರೆ. ಕ್ಯಾಥೊಲಿಕ್ ಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಎಲ್ಲ ವಿಶ್ವಾಸಿಗಳೂ ಬೈಬಲನ್ನು ಆಗಾಗ ಓದಬೇಕೆಂದು ಕರೆಕೊಟ್ಟಿತು. ಬೆಂಗಳೂರಿನ ಹೊರವಲಯದ ಆಶೀರ್ವನಂ ಮಠದಲ್ಲಿ ಇಂದಿಗೂ ಬೆನೆಡಿಕ್ಟರ ನಿಯಮ ನಡೆಯುತ್ತಿದೆ. ಕನ್ನಡ ಬೈಬಲಿಗೂ ಇನ್ನೂರು ವರ್ಷಗಳ ಹಿಂದಿನ ಬಳ್ಳಾರಿಯ ನಂಟಿದೆ. 1810ರಲ್ಲಿ ಅಲ್ಲಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅನುವಾದದ ಕೆಲಸಕ್ಕೆ ತೊಡಗಿದ ಮೊದಲಿಗರಲ್ಲಿ ಒಬ್ಬರು. ಕನ್ನಡ ಕ್ರೈಸ್ತರ ಎಷ್ಟೋ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಮಕ್ಕಳೂ ದೊಡ್ಡವರೂ ಸುತ್ತ ಕೂತು ‘ಸತ್ಯವೇದ’ದ ಒಂದೊಂದು ವಾಕ್ಯವನ್ನು ಸರದಿಯಂತೆ ಓದುತ್ತಾರೆ. ತೊದಲುತ್ತ ಓದುವ ಮಗುವಿಗಾಗಿ ಎಲ್ಲರೂ ಕಾಯುತ್ತಾರೆ.

ಈ ಓದು ಬದುಕಿನ ತಿರುವಿನಲ್ಲಿ ಹೇಗೆ ಜೊತೆಗೆ ನಿಲ್ಲುತ್ತದೆ ಎಂಬುದಕ್ಕೆ ಜರ್ಮನಿಯ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ ಅವರ ಬದುಕು ಸಾಕ್ಷಿ. 1935ರಿಂದ ಎರಡು ವರ್ಷ ಅವರು ಫಿಂಕನ್‌ವಾಲ್ಡ ಎಂಬಲ್ಲಿ, ಹಿಟ್ಲರನ ಹಿಡಿತವನ್ನು ಒಪ್ಪದ ಸಭೆಯ ಪಾದ್ರಿಗಳನ್ನು ತರಬೇತುಗೊಳಿಸಿದರು. ಅಲ್ಲಿ ಬೆಳಗಿನ ಅರ್ಧ ಗಂಟೆ ಬೈಬಲಿನ ಒಂದು ಚಿಕ್ಕ ಭಾಗದ ಮೇಲೆ ಮೌನ ಮನನ, ಅದೂ ವಾರವಿಡೀ ಒಂದೇ ಭಾಗ. ಶಿಷ್ಯರಿಗೆ ಮೊದಮೊದಲು ಇದು ಕಷ್ಟವಾಯಿತು. 1937ರಲ್ಲಿ ಗೆಸ್ಟಾಪೊ ಪೊಲೀಸರು ಆ ತರಬೇತಿ ಶಾಲೆಯನ್ನು ಮುಚ್ಚಿಸಿದರು. 1939ರ ಜೂನ್‌ನಲ್ಲಿ ಬೊನ್‌ಹೋಫರ್ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದರು. ಆದರೂ ತಮ್ಮವರ ಕಷ್ಟದಲ್ಲಿ ಪಾಲುಗೊಳ್ಳಲು ಮರಳಬೇಕೆಂದು ತೀರ್ಮಾನಿಸಿದ್ದರು. ಜೂನ್ 26ರ ಓದಿನಲ್ಲಿ, ಚಳಿಗಾಲಕ್ಕೆ ಮುಂಚೆ ಬಂದು ಸೇರೆಂದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಹೇಳಿಕಳಿಸಿದ ಮಾತು ಎದುರಾಯಿತು. ದಿನವೆಲ್ಲ ಅದು ತನ್ನನ್ನು ಹಿಂಬಾಲಿಸಿತೆಂದು ದಿನಚರಿಯಲ್ಲಿ ಬರೆದುಕೊಂಡರು. ಜುಲೈಯಲ್ಲಿ ಹಡಗು ಹತ್ತಿದರು. 1943ರಲ್ಲಿ ಬಂಧನವಾದ ಮೇಲೆ ಸೆರೆಮನೆಯಿಂದ ಬರೆದ ಪತ್ರಗಳಲ್ಲಿ, ವರ್ಷಗಳಿಂದ ಮಾಡಿಕೊಂಡು ಬಂದಂತೆ ದಿನವೂ ಕೀರ್ತನೆಗಳನ್ನು ಓದುತ್ತಿರುವುದಾಗಿ ತಿಳಿಸಿದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಮಠದಲ್ಲಿ ದಿನದ ಕೊನೆಯ ಪ್ರಾರ್ಥನೆ ಮಲಗುವ ಮುಂಚೆ. ಅದಕ್ಕೆ ಬೆನೆಡಿಕ್ಟರು ಮೂರೇ ಕೀರ್ತನೆಗಳನ್ನು ಗೊತ್ತುಮಾಡಿದರು: 4, 91 ಮತ್ತು 134. ವರ್ಷದ ಯಾವ ರಾತ್ರಿಯೂ ಅವು ಬದಲಾಗುವುದಿಲ್ಲ. ಆದ್ದರಿಂದ ಅವಕ್ಕೆ ಪುಸ್ತಕವೂ ಬೇಡ, ದೀಪವೂ ಬೇಡ. ನಿನ್ನೆ ಮೊನ್ನೆ ಬಂದ ಯುವಕನೂ ಕೆಲವೇ ತಿಂಗಳಲ್ಲಿ ಅವನ್ನು ಕತ್ತಲಲ್ಲಿ ಹಾಡಬಲ್ಲವನಾಗುತ್ತಾನೆ. ಅವನ ಪಕ್ಕದಲ್ಲಿ, ಕಣ್ಣು ಮಂಜಾಗಿ ಅಕ್ಷರ ಕಾಣದ ಹಿರಿಯರೊಬ್ಬರು ನಿಂತಿರಬಹುದು. ಐವತ್ತು ವರ್ಷ ಮೆಲುಕು ಹಾಕಿದ ಸಾಲುಗಳು ಅವರ ಬಾಯಿಗೆ ಒಂದಾದ ಮೇಲೊಂದು ತಾವಾಗಿ ಬರುತ್ತವೆ. ಆ ಕತ್ತಲಲ್ಲಿ ಅವರಿಬ್ಬರೂ ಸಮಾನರು.