ಹರಳುಪ್ಪು ಕರಗಿಸಿದರೆ ಕಡಲಾಗದು

ಮನೆಯಲ್ಲಿ ಉಪ್ಪುನೀರಿನ ಮೀನು ಸಾಕುತ್ತೇನೆ ಎಂದು ಹೇಳಿ ನೋಡಿ, ಎರಡು ಥರದ ಬುದ್ಧಿಮಾತು ಬರುತ್ತದೆ. ‘ಅದು ದುಡ್ಡಿದ್ದವರ ಆಟ, ಲಕ್ಷ ಕೈಯಲ್ಲಿಲ್ಲದೆ ಶುರು ಮಾಡಬೇಡಿ’ ಎನ್ನುವವರು ಒಂದು ಕಡೆ. ‘ಅದರಲ್ಲೇನಿದೆ, ಬೌಲಿಗೆ ಎರಡು ಹಿಡಿ ಉಪ್ಪು ಹಾಕಿದರಾಯಿತು’ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ಮಾತು ಕೇಳಿದರೆ ಆಸೆ ಅಲ್ಲಿಗೇ ಮುಗಿಯಿತು. ಎರಡನೆಯವರ ಮಾತು ಕೇಳಿದರೆ ತಂದ ಮೀನು ಸಾಯುತ್ತದೆ, ಮತ್ತೆ ತರುತ್ತೀರಿ, ಅದೂ ಸಾಯುತ್ತದೆ. ಉಳಿಸಿದೆವು ಅಂದುಕೊಂಡ ದುಡ್ಡು ಹೀಗೆ ಕಂತಿನಲ್ಲಿ ಹೋಗುತ್ತದೆ. ಎರಡಡಿಯ ಒಂದು ಟ್ಯಾಂಕ್, ಅದರಲ್ಲಿ ಒಂದು ಜೊತೆ ಕ್ಲೌನ್ ಫಿಶ್, ಇಷ್ಟನ್ನು ಸಾಧಾರಣ ಸಂಬಳದವರೂ ನಿಭಾಯಿಸಬಹುದು. ಆದರೆ ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದರಲ್ಲೇ ಹೆಚ್ಚಿನವರ ಲೆಕ್ಕ ತಲೆಕೆಳಗಾಗಿರುತ್ತದೆ.

ಉಪ್ಪಿನಿಂದಲೇ ಶುರು ಮಾಡೋಣ. ಹರಳುಪ್ಪು ಬರುವುದೇ ಸಮುದ್ರದಿಂದ, ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರದ ನೀರು ಸಿಗಬೇಕಲ್ಲವೇ? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರದಂಥ ಜಾಗದಲ್ಲಿ ಏನು ನಡೆಯುತ್ತದೆಂದು ಗಮನಿಸಿದರೆ ಈ ತರ್ಕ ಎಲ್ಲಿ ಎಡವುತ್ತದೆಂದು ತಿಳಿಯುತ್ತದೆ. ಬಿಸಿಲಿಗೆ ನೀರು ಆರುತ್ತಾ ಹೋದಂತೆ ಅದರೊಳಗಿನ ಲವಣಗಳೆಲ್ಲ ಒಟ್ಟಿಗೆ ತಳಕ್ಕಿಳಿಯುವುದಿಲ್ಲ, ಸರದಿಯ ಮೇಲೆ ಇಳಿಯುತ್ತವೆ. ಮೊದಲು ಸುಣ್ಣದ ಅಂಶ. ನೀರು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬಂದಾಗ ಜಿಪ್ಸಂ. ಹತ್ತರಲ್ಲೊಂದು ಭಾಗಕ್ಕೆ ಇಳಿದ ಮೇಲಷ್ಟೇ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಅದನ್ನು ಬಾಚಿಕೊಂಡ ಮೇಲೆ ಉಳಿಯುವ ಕಹಿನೀರಿನ ಜೊತೆ ಮೆಗ್ನೀಷಿಯಂ, ಪೊಟ್ಯಾಷಿಯಂ, ಬ್ರೋಮೈಡ್‌ಗಳು ಹೊರಟುಹೋಗುತ್ತವೆ. ಅಡುಗೆಗೆ ಇದು ಒಳ್ಳೆಯದೇ, ಕಹಿ ಉಪ್ಪು ಯಾರಿಗೆ ಬೇಕು? ಆದರೆ ಮೀನಿಗೆ ಬೇಕಾದದ್ದು ಅಲ್ಲಿ ಬಿಟ್ಟುಹೋದದ್ದೂ ಸೇರಿದ ಇಡೀ ಸಮುದ್ರ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ನೂರಕ್ಕೆ 85ರಷ್ಟು ಸೋಡಿಯಂ ಮತ್ತು ಕ್ಲೋರೈಡೇ, ಹಾಗಾಗಿ ಮೋಸ ಹೋಗುವುದು ಸುಲಭ. ಉಳಿದದ್ದರಲ್ಲಿ ಸುಮಾರು 1.3 ಗ್ರಾಂ ಮೆಗ್ನೀಷಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಮತ್ತೆ ಪಿಎಚ್ 8.1ರಿಂದ 8.3ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುವ ಬೈಕಾರ್ಬೊನೇಟ್. ಹರಳುಪ್ಪಿನ ನೀರಿನಲ್ಲಿ ಈ ತಡೆ ಇಲ್ಲದ್ದರಿಂದ ಪಿಎಚ್ ಜಾರುತ್ತದೆ. ಮೀನು ಒಂದಷ್ಟು ದಿನ ಈಜಾಡೀತು. ಸೀಗಡಿ, ಬಸವನಹುಳುಗಳು ಅಷ್ಟೂ ತಾಳುವುದಿಲ್ಲ.

ಈ ಲವಣಗಳನ್ನೆಲ್ಲ ಸೇರಿಸಿ ಮಾಡಿದ, ಅಕ್ವೇರಿಯಂ ಅಂಗಡಿಯ ಸೀ ಸಾಲ್ಟ್ ದುಬಾರಿ ಎನ್ನುವವರು ಒಮ್ಮೆ ಗುಣಾಕಾರ ಮಾಡಿ ನೋಡಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದು ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಪುಡಿಯಲ್ಲಿ ಸ್ವಲ್ಪ ತೇವಾಂಶವೂ ಇರುವುದರಿಂದ ಲೀಟರಿಗೆ 38 ಗ್ರಾಂ ಹಿಡಿಯಿರಿ. ಮೊದಲ ಸಲ ತುಂಬಲು ಎರಡು ಕಿಲೋಗಿಂತ ಕಡಿಮೆ. ಆಮೇಲೆ ವಾರಕ್ಕೆ ಐದು ಲೀಟರ್ ಬದಲಿಸಿದರೆ ತಿಂಗಳಿಗೆ ಮುಕ್ಕಾಲು ಕಿಲೋ ಚಿಲ್ಲರೆ. ಸತ್ತ ಒಂದು ಮೀನಿನ ಬೆಲೆಗಿಂತ ಇದು ಹಗುರ.

‘ಮಂಗಳೂರಿನವರಿಗೇನು ಚಿಂತೆ, ಕ್ಯಾನ್ ಹಿಡಿದು ಪಣಂಬೂರಿಗೆ ಹೋದರಾಯಿತು’ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ಸಮುದ್ರದ ನೀರನ್ನು ಖಂಡಿತ ಬಳಸಬಹುದು. ಆದರೆ ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಕಡೆ ಮಳೆಗಾಲದಲ್ಲಿ ದಡದ ನೀರು ಅರೆ ಸಿಹಿಯಾಗಿ, ಕೆಸರಾಗಿ ಇರುತ್ತದೆ. ಬಂದರಿನ ಹತ್ತಿರವಾದರೆ ಡೀಸೆಲ್ಲಿನ ಪಸೆ. ನೀರು ತರುವುದಾದರೆ ಮಳೆ ನಿಂತು ಕಡಲು ತಿಳಿಯಾದ ಮೇಲೆ, ಹೊಳೆಬಾಯಿಯಿಂದ ದೂರ, ಸಾಧ್ಯವಾದರೆ ದೋಣಿಯವರ ಕೈಯಲ್ಲಿ ಅಲೆ ಒಡೆಯುವ ಜಾಗದ ಆಚೆಯಿಂದ ತರಿಸಬೇಕು. ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿಟ್ಟು, ಕೆಸರು ತಂಗಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿಕೊಂಡು, ಏರ್ ಪಂಪ್ ಬಿಟ್ಟು, ಉಪ್ಪಿನಂಶ ಅಳೆದು ಹಾಕಬೇಕು. ಅಳೆಯಲು ರಿಫ್ರಾಕ್ಟೋಮೀಟರ್ ಇರಲಿ. ಮುಳ್ಳು ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಸಾಕು, ಲೆಕ್ಕ ತಪ್ಪುತ್ತದೆ. ಅಳೆಯುವ ಉಪಕರಣದಲ್ಲಿ ಮಾತ್ರ ಜಿಪುಣತನ ಬೇಡ.

ಉಪ್ಪು ಬೆರೆಸುವ ನೀರಿನ ವಿಷಯಕ್ಕೆ ಬಂದರೆ, ಅಡುಗೆಮನೆಯ ಆರ್‌ಒ ನೀರು ಶುದ್ಧವೇ ಇರುತ್ತದೆಂಬ ನಂಬಿಕೆ. ಆದರೆ ರುಚಿಗೆಂದು ಎಷ್ಟೋ ಮಾಡೆಲ್‌ಗಳು ಸೋಸಿದ ನೀರಿಗೆ ಸ್ವಲ್ಪ ನಲ್ಲಿ ನೀರನ್ನೇ ಮತ್ತೆ ಬೆರೆಸುತ್ತವೆ. ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅಂಕಿ ಹತ್ತರ ಒಳಗಿದ್ದರೆ ನಿಶ್ಚಿಂತೆ. ನೂರರ ಹತ್ತಿರ ಇದ್ದರೆ ಬೇರೆ ನೀರು ಹುಡುಕಿ. ಬೀದಿ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿಗೂ ಇದೇ ಪರೀಕ್ಷೆ. ಬೋರ್‌ವೆಲ್ ನೀರನ್ನು ಹಾಗೇ ಹಾಕಿದರೆ ಅದರ ನೈಟ್ರೇಟಿಗೆ ಗಾಜಿನ ತುಂಬ ಪಾಚಿ.

‘ಮೊದಲು ಚಿಕ್ಕದರಲ್ಲಿ ಕಲಿಯುತ್ತೇನೆ, ಆಮೇಲೆ ದೊಡ್ಡದು.’ ಸಿಹಿನೀರಿನಲ್ಲೇ ಈ ಯೋಚನೆ ಅಷ್ಟು ಒಳ್ಳೆಯದಲ್ಲ, ಉಪ್ಪುನೀರಿನಲ್ಲಂತೂ ದುಬಾರಿ ತಪ್ಪು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹತ್ತು ಲೀಟರಿನ ಬೌಲಿನಿಂದ ಎರಡು ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದದ್ದು 44ರ ಹತ್ತಿರ ಹೋಗುತ್ತದೆ. ನೂರು ಲೀಟರಿನಲ್ಲಿ ಅದರ ಎರಡರಷ್ಟು, ನಾಲ್ಕು ಲೀಟರ್ ಆರಿದರೂ 36.5 ದಾಟುವುದಿಲ್ಲ. ನೀವು ಮೂರು ದಿನ ಊರಿನ ಮದುವೆಗೆ ಹೋಗಿ ಬಂದರೆ ದೊಡ್ಡ ಟ್ಯಾಂಕ್ ಕ್ಷಮಿಸುತ್ತದೆ, ಬೌಲ್ ಕ್ಷಮಿಸುವುದಿಲ್ಲ. ಆದ್ದರಿಂದ 50 ಲೀಟರಿಗಿಂತ ಕೆಳಗೆ ಇಳಿಯಬೇಡಿ. ಹಳೆಯ, ಸೋರದ, ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಧಾರಾಳ ಸಾಕು. ಭಾರಕ್ಕೆ ಮಾತ್ರ ಗಟ್ಟಿ ಮೇಜು ಬೇಕು, ಕಲ್ಲು ಗಾಜು ಸೇರಿ ಒಬ್ಬ ದಪ್ಪ ಆಸಾಮಿಯಷ್ಟು ತೂಗುತ್ತದೆ.

ಕಡಿಮೆಯಾದ ನೀರನ್ನು ಉಪ್ಪುನೀರಿನಿಂದಲೇ ತುಂಬಬೇಕೆಂಬುದು ಇದರದೇ ತಮ್ಮನಂಥ ತಪ್ಪು. ಹೋದದ್ದು ಬರೀ ನೀರು, ಹಾಕಬೇಕಾದದ್ದೂ ಬರೀ ನೀರು. ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟು ದಿನಾ ಬೆಳಗ್ಗೆ ಆ ಗೆರೆಗೆ ಆರ್‌ಒ ನೀರು ಹಾಕಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಮೀನು ಕೊಲ್ಲುವ ನಂಬಿಕೆ: ನೀರು ತಿಳಿಯಾಗಿದೆ, ಇನ್ನು ಮೀನು ಬಿಡಬಹುದು. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತದೆ, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ವಿಷ, ಮೂರನೆಯದು ವಾರವಾರ ನೀರು ಬದಲಿಸಿದರೆ ಹತೋಟಿಗೆ ಬರುತ್ತದೆ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಸ್ಪಾಂಜುಗಳಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ತಗಲುವ ಖರ್ಚು, ಮೀನು ಮಾರ್ಕೆಟ್ಟಿನಿಂದ ತಂದ ಒಂದು ಹಸಿ ಸೀಗಡಿ. ಟ್ಯಾಂಕಿನಲ್ಲಿ ಅದನ್ನು ಕೊಳೆಯಲು ಬಿಡಿ. ನಾಲ್ಕೈದು ದಿನಕ್ಕೆ ಮನೆಯವರು ಮೂಗು ಮುರಿಯುತ್ತಾರೆ, ನೀರು ಮಬ್ಬಾಗುತ್ತದೆ, ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರುತ್ತದೆ, ಅದು ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ಮೇಲೆಯೇ ಮೀನು. ಸೀಗಡಿಯ ಬದಲು ‘ಗಟ್ಟಿ ಜೀವ’ವೆಂದು ಅಗ್ಗದ ಡ್ಯಾಮ್ಸೆಲ್ ಮೀನು ಬಿಡಲು ಹೇಳುವವರಿದ್ದಾರೆ. ಅದು ವಿಷದಲ್ಲಿ ಬೇಯುತ್ತದೆ. ಬದುಕಿಕೊಂಡರೆ ಆಮೇಲೆ ಬಂದವರನ್ನೆಲ್ಲ ಕಚ್ಚಿ ಓಡಿಸುತ್ತದೆ.

ಬ್ಯಾಕ್ಟೀರಿಯಾಕ್ಕೆ ಮನೆ ಬೇಕೆಂದು ಹವಳದ ಕಲ್ಲನ್ನು ಕಡಲಿನಿಂದ ಎತ್ತಿ ತರುವ ಉಮೇದು ಬೇಡ. ಗಟ್ಟಿ ಹವಳಗಳು, ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನೇತ್ರಾಣಿಯಲ್ಲಿ ಮುಳುಗಿ ನೋಡಿ ಬನ್ನಿ, ಜೇಬಿಗೆ ಹಾಕಿಕೊಂಡು ಬರಬೇಡಿ. ರಂಧ್ರ ತುಂಬಿದ ಸೆರಾಮಿಕ್ ತುಂಡುಗಳು, ಅಂಗಡಿಯ ಕೃತಕ ಒಣ ಕಲ್ಲು ಅದೇ ಕೆಲಸ ಮಾಡುತ್ತವೆ.

ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರ್ ಇಲ್ಲದೆ ಆಗುವುದೇ ಇಲ್ಲವೇ? 50 ಲೀಟರಿಗೆ ವಾರಕ್ಕೊಮ್ಮೆ ಐದು ಲೀಟರ್ ಬದಲಿಸುವವರಿಗೆ ಬೇಡ. ದುಬಾರಿ ಲೈಟ್? ಹವಳ ಸಾಕದವರಿಗೆ ಸಾಧಾರಣ ಎಲ್‌ಇಡಿ. ನೀರು ತಣಿಸುವ ಚಿಲ್ಲರ್ ವಿಷಯ ಮಾತ್ರ ಊರಿನ ಮೇಲೆ ನಿಂತಿದೆ. ನೀರು 25ರಿಂದ 27 ಡಿಗ್ರಿ ಇರಬೇಕು. ಬೆಂಗಳೂರಿನಲ್ಲಿ ನೀರಿನ ಮೇಲ್ಮೈಗೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಹಸಿಯಾಗಿರುವುದರಿಂದ ಆವಿಯಾಗುವುದು ಕಡಿಮೆ, ಫ್ಯಾನ್ ಸೋಲುತ್ತದೆ. ಕಡಲ ಪಕ್ಕದಲ್ಲಿದ್ದವರಿಗಿಂತ ಬಯಲುಸೀಮೆಯವರಿಗೆ ಕಡಲ ಮೀನು ಸಾಕುವುದು ಈ ಒಂದು ಲೆಕ್ಕದಲ್ಲಿ ಸುಲಭ!

ಮೀನಿನ ಆಯ್ಕೆಯನ್ನು 2003ರ ‘ಫೈಂಡಿಂಗ್ ನೀಮೋ’ ಸಿನಿಮಾ ಸಾಕಷ್ಟು ಕೆಡಿಸಿದೆ. ನೀಮೋಗೆ, ಅಂದರೆ ಕ್ಲೌನ್ ಫಿಶ್‌ಗೆ, ಕಡಲಹೂವಿನ (ಸೀ ಅನೆಮನಿ) ಮನೆ ಬೇಕೇ ಬೇಕು ಎಂದು ಎಲ್ಲರೂ ನಂಬಿದ್ದಾರೆ. ಟ್ಯಾಂಕಿನಲ್ಲಿ ಬೇಟೆಗಾರ ಮೀನಿಲ್ಲದಿದ್ದರೆ ಬೇಡವೇ ಬೇಡ. ಆ ಕಡಲಹೂವನ್ನು ಸಾಕುವುದು ಮೀನು ಸಾಕುವುದಕ್ಕಿಂತ ಕಷ್ಟ. ಅದೇ ಸಿನಿಮಾದ ಡೋರಿ, ಅಂದರೆ ಬ್ಲೂ ಟ್ಯಾಂಗ್, ಒಂದಡಿಯವರೆಗೆ ಬೆಳೆಯುತ್ತದೆ. ಎರಡಡಿ ಟ್ಯಾಂಕಿನಲ್ಲಿ ಅದನ್ನು ಹಾಕುವುದು ಹಿಂಸೆ. ಗಂಡು ಹೆಣ್ಣೆಂದು ‘ಜೋಡಿ’ಗೆ ಹೆಚ್ಚು ದುಡ್ಡು ಕೊಡುವುದೂ ಅನಗತ್ಯ: ಕ್ಲೌನ್ ಫಿಶ್‌ಗಳೆಲ್ಲ ಮೊದಲು ಗಂಡಾಗಿರುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ. ಒಂದು ದೊಡ್ಡ, ಒಂದು ಚಿಕ್ಕ ಮರಿ ತನ್ನಿ, ಉಳಿದದ್ದು ಅವೇ ನೋಡಿಕೊಳ್ಳುತ್ತವೆ. ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಸಾಕಿದ ಮರಿ ಬಂದ ದಿನದಿಂದ ಕಾಳು ತಿನ್ನುತ್ತದೆ. ಕಡಲಲ್ಲಿ ಹಿಡಿದದ್ದು ಎಷ್ಟೋ ಸಲ ಬಾಯಿ ತೆರೆಯದೆ ಸಾಯುತ್ತದೆ.

ಕರೆಂಟ್ ಹೋದರೆ ಎಲ್ಲ ಮುಗಿಯಿತೆಂಬ ಭಯವೂ ಅತಿಯೇ. ಎರಡು ಸಣ್ಣ ಮೀನು 50 ಲೀಟರಿನಲ್ಲಿ ಕೆಲವು ಗಂಟೆ ಸುಧಾರಿಸಿಕೊಳ್ಳುತ್ತವೆ, ಆ ಹೊತ್ತಿನಲ್ಲಿ ಮೇವು ಹಾಕಬೇಡಿ ಅಷ್ಟೆ. ಮೊಬೈಲಿನ ಪವರ್ ಬ್ಯಾಂಕಿಗೆ ಸಿಕ್ಕಿಸುವ ಯುಎಸ್‌ಬಿ ಏರ್ ಪಂಪ್ ಒಂದಿದ್ದರೆ ರಾತ್ರಿಯೂ ಕಳೆಯುತ್ತದೆ. ತುಂಬ ಹೊತ್ತು ಕರೆಂಟ್ ಇರದಿದ್ದರೆ, ಬಂದ ಕೂಡಲೇ ಫಿಲ್ಟರ್ ಚಾಲೂ ಮಾಡದೆ ಅದರೊಳಗೆ ನಿಂತ ನೀರನ್ನು ಚೆಲ್ಲಿ. ಸ್ಪಾಂಜನ್ನು ಬಕೆಟ್ಟಿನಲ್ಲಿ ಟ್ಯಾಂಕಿನದೇ ನೀರು ಹಾಕಿಕೊಂಡು ಅದ್ದಿ ಹಿಂಡಿ. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು, ಮತ್ತೆ ಸೀಗಡಿಯಿಂದ ಶುರು ಮಾಡಬೇಕಾದೀತು.