ಬೆಲೆ ಕಟ್ಟುವುದು, ಬೆಲೆ ಕೊಡುವುದು

‘ಈಗಿನ ಕಾಲದಲ್ಲಿ ಆಡಿದ ಮಾತಿಗೆ ವ್ಯಾಲ್ಯೂ ಇಲ್ಲ’ ಎಂದು ತಂದೆ ನೊಂದುಕೊಳ್ಳುತ್ತಾರೆ. ‘ನಮ್ಮ ಸೈಟಿನ ವ್ಯಾಲ್ಯೂ ಏರಿತು’ ಎಂದು ಮಗ ಹಿಗ್ಗುತ್ತಾನೆ. ಒಂದೇ ಪಡಸಾಲೆಯಲ್ಲಿ ಒಂದೇ ಇಂಗ್ಲಿಷ್ ಪದ ಹೀಗೆ ಎರಡು ಸಂಸಾರ ಹೂಡಿದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ವಲೇರೆ’. ಬಲವಾಗಿರು, ಆರೋಗ್ಯವಾಗಿರು ಎಂದು ಅದರ ಅರ್ಥ. ಶೌರ್ಯವನ್ನು ಹೇಳುವ ‘ವ್ಯಾಲರ್’, ಸಿಂಧುವಾದುದನ್ನು ಹೇಳುವ ‘ವ್ಯಾಲಿಡ್’ ಇದರ ಒಡಹುಟ್ಟುಗಳು. ಎಂದರೆ ಮೂಲದಲ್ಲಿ ಅದು ಹಣದ ಮಾತೇ ಅಲ್ಲ, ಸತ್ವದ ಮಾತು. ಶಾಲೆಯ ಮಕ್ಕಳನ್ನು ಎಡವಿಸುವ ಒಂದು ವಿನೋದವೂ ಇಲ್ಲುಂಟು: ‘ವ್ಯಾಲ್ಯೂಲೆಸ್’ ಎಂದರೆ ಕೆಲಸಕ್ಕೆ ಬಾರದ್ದು, ‘ಇನ್‌ವ್ಯಾಲ್ಯುಅಬಲ್’ ಎಂದರೆ ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು!

ಈ ಪದ ಬರುವ ಮೊದಲು ನಮ್ಮವರು ಏನನ್ನುತ್ತಿದ್ದರು? ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು ಸುತ್ತಿದರೆ ಸಾಕು, ಉತ್ತರ ದೊರೆಯುತ್ತದೆ. ಹಳಿಯಾಳದ ಕಡೆ ಅದು ‘ಕಿಮ್ಮತ್ತು’. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯನ್ನು ಹಾದು ಬಂದ ಪದವಾದರೂ ಅಲ್ಲಿನ ಕನ್ನಡದಲ್ಲಿ ಮನೆಮಗನಾಗಿದೆ. ಸಂತೆಯಲ್ಲಿ ‘ಹೆಂಗ್ರೀ ಬದನೀಕಾಯಿ?’ ಎಂದು ಕೇಳಿದರೂ, ನಂಬಲಾಗದವನ ಮಾತಿಗೆ ‘ಕವಡೆ ಕಿಮ್ಮತ್ತಿಲ್ಲ’ ಎಂದೇ ತೀರ್ಪು. ಜೋಯಿಡಾದ ಕೊಂಕಣಿ ಮನೆಗಳಲ್ಲಿ ಅದೇ ‘ಮೋಲ’. ಸಂಸ್ಕೃತದ ‘ಮೂಲ್ಯ’ದ ಮಗು. 1966ರಿಂದ ಟಿಬೆಟಿಯನ್ನರು ನೆಲೆಸಿರುವ ಮುಂಡಗೋಡದಲ್ಲಿ ‘ರಿನ್’ ಎಂದರೆ ಬೆಲೆ. ಅಲ್ಲಿನ ಮಠಗಳಲ್ಲಿ ಹಿರಿಯ ಲಾಮಾಗಳನ್ನು ‘ರಿನ್‌ಪೊಚೆ’ ಎಂದು ಗೌರವಿಸುವಾಗ ಆಡುವುದು ಇದೇ ಪದವನ್ನು: ‘ಅಮೂಲ್ಯರಾದವರೇ’ ಎಂದು!

ಕನ್ನಡದ ‘ಬೆಲೆ’ಯಾದರೋ ಕ್ರಿಯಾಪದ ಬದಲಿಸಿ ಅರ್ಥ ಬದಲಿಸುತ್ತದೆ. ವಸ್ತುವಿಗೆ ಬೆಲೆ ಕಟ್ಟುತ್ತೇವೆ. ಮನುಷ್ಯನಿಗೆ ಬೆಲೆ ಕೊಡುತ್ತೇವೆ. ತಪ್ಪಿಗೆ ಬೆಲೆ ತೆರುತ್ತೇವೆ. ದಾಂಡೇಲಿಯ ಅರಣ್ಯ ಡಿಪೋದಲ್ಲಿ ಸಾಗುವಾನಿ ದಿಮ್ಮಿಯ ಉದ್ದ, ಸುತ್ತಳತೆ ಹಿಡಿದು ಬೆಲೆ ಕಟ್ಟಬಹುದು. ಅದೇ ಮರ ಕಾಡಿನಲ್ಲಿ ನಿಂತು ಕೊಟ್ಟ ನೆರಳಿಗೆ, ಹಿಡಿದಿಟ್ಟ ನೀರಿಗೆ ಯಾವ ಅಳತೆಪಟ್ಟಿ?

ಈ ಪ್ರಶ್ನೆ ಬರಿಯ ಪದಚರ್ಚೆಯಲ್ಲವೆಂಬುದನ್ನು ಸೂಪಾ ಬಲ್ಲುದು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಆ ಪಟ್ಟಣ, 1987ರಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಅಣೆಕಟ್ಟಿನ ಜಲಾಶಯದಲ್ಲಿ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಸಂತ್ರಸ್ತರಲ್ಲಿ ಅನೇಕರು ರಾಮನಗರದಲ್ಲಿ ಹೊಸ ಒಲೆ ಹೂಡಿದರು. ನಾಡಿಗೆ ಬೆಳಕು ಬಂದಿತು. ಪರಿಹಾರದ ಲೆಕ್ಕದಲ್ಲಿ ನೆಲಕ್ಕೆ, ಗೋಡೆಗೆ, ಫಲ ಕೊಡುವ ಮರಕ್ಕೆ ಬೆಲೆ ಕಟ್ಟಬಹುದು. ಅಜ್ಜ ಕುಳಿತ ಜಗಲಿಗೆ, ನೆರೆಮನೆಯ ಕೂಗಳತೆಗೆ ಬೆಲೆ ಕಟ್ಟಲು ಬಾರದು. ಕೊಡಲು ಮಾತ್ರ ಬರುತ್ತದೆ.

‘ವ್ಯಾಲ್ಯೂ’ ಎಂಬ ಒಂದೇ ಪದದಲ್ಲಿ ಎರಡನ್ನೂ ಹೇಳಿ ಮುಗಿಸುವಾಗ ಮರೆಯಾಗುವುದು ಈ ಅಂತರ. ತಂದೆ ಕೊರಗಿದ್ದು ಕೊಡುವ ಬೆಲೆಗಾಗಿ. ಮಗ ಹಿಗ್ಗಿದ್ದು ಕಟ್ಟಿದ ಬೆಲೆಗೆ.