ಕೋಳಿಯ ಗಂಟಲಲ್ಲಿ ಸಿಕ್ಕ ಮದ್ದು

1943ರ ಅಕ್ಟೋಬರ್. ಅಮೆರಿಕದ ನ್ಯೂಜೆರ್ಸಿಯಲ್ಲಿ, ರಟ್ಗರ್ಸ್ ವಿಶ್ವವಿದ್ಯಾಲಯದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ 23 ವರ್ಷದ ಆಲ್ಬರ್ಟ್ ಶಾಟ್ಜ್ ಒಂದು ಬ್ಯಾಕ್ಟೀರಿಯಾದ ಎರಡು ತಳಿಗಳನ್ನು ಬೆಳೆಸುತ್ತಿದ್ದರು. ಒಂದು ತಳಿ ಗೊಬ್ಬರ ಉಂಡ ಹೊಲದ ಮಣ್ಣಿನಿಂದ ಬಂದದ್ದು, ಇನ್ನೊಂದು ಕೋಳಿಯ ಗಂಟಲಿನಿಂದ. ಹೆಸರು ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್. ಪೆನಿಸಿಲಿನ್‌ಗೆ ಜಗ್ಗದ ಕ್ಷಯದ ರೋಗಾಣುವನ್ನು ಮಣಿಸಿದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಇದರಿಂದಲೇ.

ಬ್ಯಾಕ್ಟೀರಿಯಾ ಎನಿಸಿಕೊಂಡರೂ ಇದು ಬೂಷ್ಟಿನಂತೆ ಮಣ್ಣಿನಲ್ಲಿ ಎಳೆ ಬಿಟ್ಟು ಹಬ್ಬುತ್ತದೆ. ಆಹಾರ ತೀರುತ್ತಾ ಬಂದಾಗ ಹಳೆಯ ಎಳೆಗಳು ಸಾಯತೊಡಗುತ್ತವೆ. ಅವುಗಳ ಸಾರ ಹೀರಿ ಹೊಸ ಎಳೆಗಳು ಮೇಲೆದ್ದು ಬೀಜಕಣ ಕಟ್ಟುತ್ತವೆ. ಆಂಟಿಬಯೋಟಿಕ್ ತಯಾರಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಕರಗುತ್ತಿರುವ ಮನೆಯ ಬುತ್ತಿಗೆ ಅಕ್ಕಪಕ್ಕದವರು ಕೈಹಾಕದಿರಲೆಂದು ಈ ಏರ್ಪಾಡು ಎಂಬುದು ಹಲವು ವಿಜ್ಞಾನಿಗಳ ಊಹೆ.

ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವುದು ರೈಬೋಸೋಮ್. ಸ್ಟ್ರೆಪ್ಟೊಮೈಸಿನ್ ಅದಕ್ಕೆ ಅಂಟಿಕೊಂಡು ಜೀನಿನ ಸಂದೇಶವನ್ನು ತಪ್ಪಾಗಿ ಓದಿಸುತ್ತದೆ. ಕೆಟ್ಟ ಪ್ರೋಟೀನುಗಳು ತುಂಬಿ ರೋಗಾಣು ಸಾಯುತ್ತದೆ. ಹಾಗಾದರೆ ತಯಾರಿಸಿದವನೇಕೆ ಸಾಯುವುದಿಲ್ಲ? ತನ್ನೊಳಗಿನ ಔಷಧದ ಅಣುವಿಗೆ ಫಾಸ್ಫೇಟ್ ತುಣುಕೊಂದನ್ನು ಜೋಡಿಸಿ ಅದರ ಹಲ್ಲು ಕಿತ್ತಿಡುವ ಕಿಣ್ವ ಇದರ ಬಳಿಯೇ ಇದೆ.

ಬೇರೆ ಹಲವು ಬ್ಯಾಕ್ಟೀರಿಯಾಗಳಲ್ಲೂ ಇಂಥ ಕಿಣ್ವಗಳಿವೆ. ಕ್ಷಯದ ರೋಗಾಣುವಿನ ಉಪಾಯ ಬೇರೆ: ಔಷಧ ಕೂರುವ ಜಾಗವನ್ನೇ ಅದು ಮಾರ್ಪಡಿಸಿಕೊಳ್ಳುತ್ತದೆ. ರೋಗಾಣು ಔಷಧಕ್ಕೆ ಎಷ್ಟು ಬೇಗ ಒಗ್ಗಿಕೊಳ್ಳಬಲ್ಲದು ಎಂಬುದನ್ನು 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ಬಿಚ್ಚಿಟ್ಟಿತು. ಯಾರಿಗೆ ಔಷಧ, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ಅಲ್ಲಿ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನ ತೀರಿಕೊಂಡರೆ, ಪಡೆಯದ 52ರಲ್ಲಿ 14 ಜನ. ಆದರೆ ಔಷಧ ಪಡೆದ ಹಲವರ ರೋಗಾಣು ಅಷ್ಟರಲ್ಲೇ ಅದಕ್ಕೆ ಒಗ್ಗಿಕೊಂಡಿತ್ತು. ವರ್ಷಗಳು ಕಳೆದಂತೆ ಎರಡು ಗುಂಪುಗಳ ಅಂತರ ಬಹುಪಾಲು ಅಳಿಸಿಹೋಯಿತು. ಕ್ಷಯಕ್ಕೆ ಹಲವು ಮಾತ್ರೆಗಳನ್ನು ಒಟ್ಟಿಗೆ ಕೊಡುವ ಪದ್ಧತಿಯ ಹಿಂದೆ ಈ ಕಹಿ ಅನುಭವವಿದೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಬೆರೆತ 'ಸ್ಟ್ರೆಪ್ಟೊಸೈಕ್ಲಿನ್' ಸಿಂಪಡಿಸಿದ ನಮ್ಮ ಬೆಳೆಗಾರರಿಗೂ ಈ ಔಷಧ ಹೊಸತಲ್ಲ. ಒಂದೇ ಮದ್ದನ್ನು ಮತ್ತೆ ಮತ್ತೆ ಹೊಡೆದರೆ ತೋಟದಲ್ಲೂ ಇದೇ ಅಪಾಯ.

ಶೋಧದ ಪ್ರಬಂಧದಲ್ಲಿ ಮೂರು ಹೆಸರುಗಳಿದ್ದವು: ಶಾಟ್ಜ್, ಎಲಿಜಬೆತ್ ಬೂಗಿ, ಪ್ರಯೋಗಾಲಯದ ಮುಖ್ಯಸ್ಥ ಸೆಲ್ಮನ್ ವಾಕ್ಸ್‌ಮನ್. 1952ರ ನೊಬೆಲ್ ಸಂದದ್ದು ವಾಕ್ಸ್‌ಮನ್ ಒಬ್ಬರಿಗೇ. ಅದಕ್ಕೂ ಮೊದಲೇ ಶಾಟ್ಜ್ ಕೋರ್ಟಿಗೆ ಹೋಗಿ, ರಾಜಿಯಲ್ಲಿ ಸಹಶೋಧಕ ಎಂಬ ಮನ್ನಣೆ ಪಡೆದಿದ್ದರು. ರಟ್ಗರ್ಸ್ ಅವರಿಗೆ ಪದಕ ಕೊಟ್ಟದ್ದು 1994ರಲ್ಲಿ. 2019ರಲ್ಲಿ ನ್ಯೂಜೆರ್ಸಿ ಸರ್ಕಾರ ಈ ಬ್ಯಾಕ್ಟೀರಿಯಾವನ್ನು ರಾಜ್ಯದ ಅಧಿಕೃತ ಸೂಕ್ಷ್ಮಜೀವಿ ಎಂದು ಘೋಷಿಸಿತು.